ಪುಟ್ಟಮಾದಪ್ಪಣ್ಣ ಎರಡೂ ಹಿಸ್ಸೆ ಬರೆದದ್ದು

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ನಟರಾಜು ಅವರದೊಂದು ಆನ್‌ಲೈನ್ ಸೆಂಟರ್ ಇದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಜನರ ಅರ್ಜಿ ತುಂಬುವ ಸಂಬಳದವನು ನಾನು. ಪಹಣಿ ತೆಗೆಯುವುದು, ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದು, ಜಾತಿ ಪ್ರಮಾಣಪತ್ರ, ಪರೀಕ್ಷೆ ಫೀಜು, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಪ್ರತಿ ಅರ್ಜಿಯ ಕೊನೆಗೂ ಒಂದು ಚಿಕ್ಕ ಚೌಕ ಇರುತ್ತದೆ. ಪಕ್ಕದಲ್ಲಿ ‘ಮೇಲ್ಕಂಡ ನಿಯಮಗಳನ್ನೆಲ್ಲ ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂದು ಬರೆದಿರುತ್ತದೆ. ನಾಲ್ಕು ವರ್ಷದಿಂದ ಮೂರು ತಾಲ್ಲೂಕಿನ ಜನರ ಪರವಾಗಿ ಹೀಗೆ ಓದಿ ಅರ್ಥ ಮಾಡಿಕೊಂಡವನು ನಾನೇ. ಒಂದು ನಿಯಮವನ್ನೂ ಓದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬಹಳ ಜನರನ್ನು ಬಯ್ಯುವವನಿದ್ದೇನೆ. ಬಯ್ಯಿಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಿಂತಿರುವವನು ಯಾರೆಂದು ಗೊತ್ತಿರಲಿ.

ಪುಟ್ಟಮಾದಪ್ಪಣ್ಣ ಯಳಂದೂರು ತಾಲ್ಲೂಕಿನ ಅಗರದವರು. ಕೆಲಸ ಹನೂರಿನಲ್ಲಿ, ಸರ್ವೆ ಇಲಾಖೆಯ ಬಾಂದು ಜವಾನ. ಬಾಂದು ಅಂದರೆ ಜಮೀನಿನ ಗಡಿಗೆ ನೆಟ್ಟ ಕಲ್ಲು. ಸರ್ವೇಯರ್ ಸಾಹೇಬರು ಹೊಂಗೆ ಮರದ ನೆರಳಿನಲ್ಲಿ ನಕ್ಷೆ ಬಿಚ್ಚಿಕೊಂಡು ನಿಂತರೆ, ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದುಕೊಂಡು ಲಂಟಾನದೊಳಕ್ಕೆ ನುಗ್ಗುವವರು ಇವರು. ಈಗ ಸರಪಳಿ ಹೋಗಿ ಮಿಷಿನ್ನು ಬಂದಿದೆ. ಆದರೂ ಹುತ್ತದ ಕೆಳಗೆ ಅಡಗಿರುವ ಕಲ್ಲನ್ನು ಕೆದಕಿ ತೋರಿಸಲು ಮನುಷ್ಯನೇ ಬೇಕು. ಇಪ್ಪತ್ತೆಂಟು ವರ್ಷ ಹೀಗೆ ಕಲ್ಲುಮಂಟಿ ಹತ್ತಿ ಇಳಿದು ಅವರ ಎರಡೂ ಮಂಡಿ ಕೈಕೊಟ್ಟಿವೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಎರಡು ಕೈಯಲ್ಲೂ ಕಂಬಿ ಹಿಡಿದು, ಬಾವಿಯಿಂದ ಕೊಡ ಎಳೆದಂತೆ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ.

ದಿನಾ ಬೆಳಿಗ್ಗೆ ಅಗರದಿಂದ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಇಲ್ಲಿಂದ ಹನೂರಿಗೆ ಇನ್ನೊಂದು. ನಡುವೆ ಮುಕ್ಕಾಲು ಗಂಟೆ ಬಿಡುವು. ಆ ಮುಕ್ಕಾಲು ಗಂಟೆಯಲ್ಲಿ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ್ದು ಇಪ್ಪತ್ತೈದಕ್ಕೆ, ಪಿಯುಸಿ ನಲವತ್ತಾರಕ್ಕೆ, ಬಿಎಗೆ ಸೇರಿದ್ದು ಐವತ್ತೊಂದಕ್ಕೆ. ಅಂಚೆಯಲ್ಲಿ ಪಾಠ ಕಳಿಸುವ ವಿಶ್ವವಿದ್ಯಾಲಯ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಫಾರಂ ತುಂಬಿಸಿಕೊಂಡಾರು.

ಬಿಎ ಯಾಕೆ ಬೇಕಿತ್ತು ಎಂದರೆ, ಪದವಿ ಇರುವ ಜವಾನರನ್ನು ಎಸ್‌ಡಿಎ ಮಾಡುವ ಪಟ್ಟಿಯೊಂದು ತಯಾರಾಗುತ್ತಿತ್ತು. ಎಸ್‌ಡಿಎ ಅಂದರೆ ಗುಮಾಸ್ತೆ. ಪುಟ್ಟಮಾದಪ್ಪಣ್ಣನ ಮಟ್ಟಿಗೆ ಕುರ್ಚಿ. ತಿಂಗಳ ಮೂವತ್ತನೇ ತಾರೀಕಿನೊಳಗೆ ಪ್ರಮಾಣಪತ್ರ ಕೊಟ್ಟವರ ಹೆಸರು ಪಟ್ಟಿಗೆ ಹೋಗುತ್ತದೆ, ಕೊಡದವರದು ಹೋಗುವುದಿಲ್ಲ. ಮುಂದಿನ ಪಟ್ಟಿ ಯಾವಾಗ ಎಂದು ಹೇಳುವವರು ಯಾರೂ ಇರಲಿಲ್ಲ. ಅವರಿಗೆ ಐವತ್ತನಾಲ್ಕು ತುಂಬಿತ್ತು. ಬಾಂದು ಕಲ್ಲಿನಿಂದ ಕುರ್ಚಿಗೆ ಬರಲು ಇದ್ದದ್ದು ಅದೊಂದೇ ದಾರಿ. ಆರೂ ಸೆಮಿಸ್ಟರು ಪಾಸಾಗಿದ್ದರು. ಹದಿನಾರನೇ ತಾರೀಕು ಅಂತಿಮ ಫಲಿತಾಂಶ ಬಂತು. ನಾನೇ ತೆಗೆದು ನೋಡಿದೆ. ಹೆಸರಿತ್ತು, ತಂದೆಯ ಹೆಸರಿತ್ತು, ಫಲಿತಾಂಶದ ಜಾಗದಲ್ಲಿ ‘ಡಬ್ಲ್ಯೂಎಚ್-07’ ಎಂದಿತ್ತು.

ಅದು ಪಾಸೋ ಫೇಲೋ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿಲ್ಲ, ಹಾಗಾಗಿ ಸರ್ವರ್ ಬಿಜಿ ಇದೆ ಎಂದೆ. ಸಂಜೆಯವರೆಗೆ ಸಹಾಯವಾಣಿಗೆ ಫೋನು ಹಚ್ಚಿ ಏಳನೇ ಸಲಕ್ಕೆ ಒಬ್ಬಳು ಸಿಕ್ಕಳು. ‘ತಡೆಹಿಡಿಯಲಾಗಿದೆ, ಕಾರಣ ಏಳು’ ಎಂದಳು. ಏಳನೇ ಕಾರಣ ಯಾವುದು ಎಂದರೆ, ಒಂದೇ ಸ್ಥಾನಕ್ಕೆ ಎರಡು ಕೋರ್ಸು ಬರೆದಿದ್ದಾರೆ ಎಂದಳು. ಆ ಎರಡು ಕೋರ್ಸಿಗೆ ಟಿಕ್ ಹಾಕಿದ ಬೆರಳು ಇದೇ ಬೆರಳು.

ಐದನೇ ಸೆಮಿಸ್ಟರಿನ ಪರೀಕ್ಷೆ ಕಟ್ಟುವಾಗಿನ ಮಾತು. ಪುಟ್ಟಮಾದಪ್ಪಣ್ಣ ಪ್ರಾಸ್ಪೆಕ್ಟಸ್ ತಂದಿದ್ದರು. ಬರೆಯಬೇಕಾದ ಕೋರ್ಸುಗಳ ಸುತ್ತ ಕೆಂಪು ಪೆನ್ಸಿಲಿನಲ್ಲಿ, ನಕ್ಷೆಯ ಗಡಿ ಎಳೆದ ಹಾಗೆ, ನೀಟಾಗಿ ಗೆರೆ ಎಳೆದಿದ್ದರು. ಬಿಎಎಚ್ 5.1, 5.2, ಆಮೇಲೆ 5.3ಎ, 5.3ಬಿ, ಹೀಗೆ. 5.3ಎ ಪ್ರವಾಸೋದ್ಯಮ ಪರಿಚಯ. 5.3ಬಿ ಕರ್ನಾಟಕದಲ್ಲಿ ಭೂ ಒಡೆತನದ ಚರಿತ್ರೆ. ನಾನು ಬಿಕಾಂ ಓದಿದವನು, ಅದೂ ಎರಡು ಕಂತಿನಲ್ಲಿ. ಎಲ್ಲೋ ಏನೋ ಸಣ್ಣ ಅನುಮಾನ ಬಂದು, ಎರಡನ್ನೂ ಹಾಕಬೇಕಾ ಅಣ್ಣ ಎಂದು ಕೇಳಿದೆ. ಅವರು ನನ್ನ ಕಡೆ ಕನಿಕರದಿಂದ ನೋಡಿದರು.

“ನೋಡ್ಲಾ ಶಿವರಾಜು, ಐದು ಅಂದ್ರೆ ಸರ್ವೆ ನಂಬರು. ಮೂರು ಅಂದ್ರೆ ಅದ್ರೊಳಗಿನ ಹಿಸ್ಸೆ. ಆ ಹಿಸ್ಸೆ ಅಣ್ತಮ್ದಿರ್ಗೆ ಪಾಲಾಗಿ ಎ, ಬಿ ಆಗದೆ. ಎ ಒಂದ್ನೇ ತಕಂಡು ಬಿ ಬುಟ್ರೆ ಮೂರನೇ ಹಿಸ್ಸೆ ಪೂರ್ತಿ ನಿನ್ದಾದದಾ? ಪಕ್ಕದವ್ನು ಉತ್ಕಂಡು ಓಯ್ತಾನೆ.”

ಪ್ರವಾಸೋದ್ಯಮಕ್ಕೂ ಭೂ ಒಡೆತನಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ಒಂದೇ ಮನೆಯ ಅಣ್ಣತಮ್ಮಂದಿರ ಮುಖ ಒಂದೇ ಥರ ಇರಬೇಕು ಎಂದೇನೂ ಇಲ್ಲವಲ್ಲ ಎಂದರು. ನನಗೆ ಸರಿ ಎನಿಸಿತು. ಈಗಲೂ ಸರಿ ಎನಿಸುತ್ತದೆ. ಹಿಂದೆ ರೇಷನ್ ಕಾರ್ಡಿನ ತಿದ್ದುಪಡಿಗೆ ಹನ್ನೊಂದು ಜನ ನಿಂತಿದ್ದರು ಎಂಬುದೂ ಸರಿ ಎನಿಸಲು ಒಂದು ಕಾರಣ. ಎರಡಕ್ಕೂ ಟಿಕ್ ಹಾಕಿದೆ. ಕಂಪ್ಯೂಟರ್ ತಕರಾರು ಮಾಡಲಿಲ್ಲ. ಎರಡಕ್ಕೂ ಫೀಜು ಕೇಳಿತು, ಎರಡಕ್ಕೂ ಕಟ್ಟಿಸಿಕೊಂಡಿತು, ಕಟ್ಟಿದ ಮೇಲೆ ಹಸಿರು ಬಣ್ಣದಲ್ಲಿ ಧನ್ಯವಾದ ಹೇಳಿತು. ಹಾಲ್ ಟಿಕೆಟ್ಟಿನಲ್ಲಿ ಎರಡೂ ಇದ್ದವು, ಎರಡಕ್ಕೂ ಬೇರೆ ಬೇರೆ ದಿನ. ಪುಟ್ಟಮಾದಪ್ಪಣ್ಣ ಎರಡು ದಿನವೂ ರಜೆ ಹಾಕಿ ಬಂದು ಬರೆದರು. ಇಬ್ಬರು ಬೇರೆ ಬೇರೆ ಮೇಷ್ಟರು ಕೂತು ಮೌಲ್ಯಮಾಪನ ಮಾಡಿದರು. ಪ್ರವಾಸೋದ್ಯಮದಲ್ಲಿ ಮೂವತ್ತಾರು ಬಂತು. ಭೂ ಒಡೆತನದಲ್ಲಿ ಎಪ್ಪತ್ತೆಂಟು.

ಆ ಎಪ್ಪತ್ತೆಂಟಿನ ಪ್ರಿಂಟನ್ನು ಅವರು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದನ್ನು ನಾನು ಕಂಡಿದ್ದೇನೆ. ಜೋಡಿ ಗ್ರಾಮ, ಇನಾಂ ರದ್ದತಿ, ಗೇಣಿ ಎಂದು ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಅವರು ಕಾಲಿನಿಂದ ಮೊದಲೇ ಓದಿದ್ದರು. ಯಾವ ಹೊಲದ ಕಲ್ಲು ಯಾವ ಕಾಯಿದೆಯಿಂದ ಎಲ್ಲಿಗೆ ಸರಿಯಿತು ಎಂದು ಹೇಳಬಲ್ಲವರು. ನೂರಕ್ಕೆ ಎಪ್ಪತ್ತೆಂಟು ಕೊಟ್ಟ ಆ ಮೇಷ್ಟರನ್ನು ಒಂದು ಸಲ ನೋಡಬೇಕು ಎನ್ನುತ್ತಿದ್ದರು.

ಈಗ ಹೇಳುತ್ತಾರೆ, ಎರಡು ಬರೆದದ್ದಕ್ಕೆ ಒಂದೂ ಇಲ್ಲ.

ಸಹಾಯವಾಣಿಯವಳು ಪ್ರಾಸ್ಪೆಕ್ಟಸ್ಸಿನಲ್ಲೇ ಎಲ್ಲ ಇದೆ, ಓದಿ ಎಂದು ಹೇಳಿ ಇಟ್ಟುಬಿಟ್ಟಳು. ಅವತ್ತು ಅಂಗಡಿ ಮುಚ್ಚುವ ಮೊದಲು ನನ್ನ ಜೀವನದಲ್ಲಿ ಮೊದಲ ಸಲ ಒಂದು ನಿಯಮ ಓದಲು ಕೂತೆ. ಕೋರ್ಸುಗಳ ಪಟ್ಟಿ ನಲವತ್ತೊಂದನೇ ಪುಟದಲ್ಲಿ, ಕನ್ನಡದಲ್ಲಿ. 5.3ಎ ಮೇಲೆ, 5.3ಬಿ ಕೆಳಗೆ, ಎರಡರ ಮುಂದೆಯೂ ನಾಲ್ಕು ಕ್ರೆಡಿಟ್. ಒಂದನ್ನು ಆರಿಸಿಕೊಳ್ಳಿ ಎಂದು ಅಲ್ಲಿ ಎಲ್ಲೂ ಇಲ್ಲ. ಪುಸ್ತಕ ಪೂರ್ತಿ ತಿರುವಿದೆ. ಕೊನೆಗೆ, ಹಾಸ್ಟೆಲ್ ಸೌಲಭ್ಯ ಇಲ್ಲ ಎಂಬ ಸೂಚನೆಯೂ ಮುಗಿದು, ಬ್ಯಾಂಕ್ ಚಲನ್ನಿನ ಮಾದರಿಯೂ ಮುಗಿದ ಮೇಲೆ, ನೂರಾ ಹನ್ನೆರಡನೇ ಪುಟದಲ್ಲಿ ಇಂಗ್ಲಿಷಿನಲ್ಲಿ, ಜಿರಳೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಕೋರ್ಸ್ ಕೋಡಿನ ವಿವರಣೆ ಇತ್ತು. ಮೊದಲ ಅಕ್ಷರಗಳು ಪದವಿಯವು. ಮೊದಲ ಅಂಕಿ ಸೆಮಿಸ್ಟರು. ಚುಕ್ಕಿಯ ಮುಂದಿನದು ಪತ್ರಿಕೆಯ ಕ್ರಮಸಂಖ್ಯೆ. ಕೊನೆಯಲ್ಲಿ ಎ, ಬಿ ಎಂದು ಅಕ್ಷರ ಬಂದರೆ ಅವು ಒಂದಕ್ಕೊಂದು ಬದಲಿ, ಅವುಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳತಕ್ಕದ್ದು.

ಕನ್ನಡ ಮಾಧ್ಯಮದವರಿಗೆ ಎಂದೇ ಅಚ್ಚು ಹಾಕಿಸಿದ ಪುಸ್ತಕ. ಬೀಗ ಕನ್ನಡದಲ್ಲಿ, ಬೀಗದ ಕೈ ಇಂಗ್ಲಿಷಿನಲ್ಲಿ, ಎರಡಕ್ಕೂ ನಡುವೆ ಎಪ್ಪತ್ತೊಂದು ಪುಟ. ಇದನ್ನು ಬರೆದವರು ಯಾರೇ ಆಗಲಿ, ಓದುವವನಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ ಎಂದುಕೊಂಡಿದ್ದಾರೆ. ಗೊತ್ತಿರುವವನಿಗೆ ವಿವರಣೆ ಯಾತಕ್ಕೆ? ಗೊತ್ತಿಲ್ಲದವನಿಗೆ ಅದು ಸಿಗುವುದು ಹೇಗೆ? ಹಳ್ಳಿಯಿಂದ ಬಂದು ಕಂಬಿ ಹಿಡಿದು ಬಸ್ಸು ಹತ್ತಿ ಓದುವ ಮನುಷ್ಯನಿಗೆ ಪಾಠ ಕಳಿಸುತ್ತೇವೆ ಎಂದು ಗೋಡೆ ಗೋಡೆಗೂ ಪೋಸ್ಟರ್ ಅಂಟಿಸುವವರು, ಒಂದು ಸಾಲನ್ನು ನಲವತ್ತೊಂದನೇ ಪುಟದಲ್ಲಿ ಕನ್ನಡದಲ್ಲಿ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅದೂ ಬೇಡ. ಒಂದೇ ತೆಗೆದುಕೊಳ್ಳಬೇಕು ಎಂದು ಅಷ್ಟು ಗೊತ್ತಿರುವ ಕಂಪ್ಯೂಟರು ಫೀಜು ಕಟ್ಟಿಸಿಕೊಳ್ಳುವ ದಿನ ಯಾಕೆ ಬಾಯಿ ಮುಚ್ಚಿಕೊಂಡಿತ್ತು?

ಮಾರನೆಯ ದಿನ ಪುಟ್ಟಮಾದಪ್ಪಣ್ಣನ ಹೆಂಡತಿ ದೊಡ್ಡಬಸಮ್ಮನೂ ಅಂಗಡಿಗೆ ಬಂದರು. ಆಕೆ ಓದಿದವರಲ್ಲ. ಗಂಡ ಜೋರಾಗಿ ಪಾಠ ಓದುವಾಗ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತ ಮೂರು ವರ್ಷ ಬಿಎ ಕೇಳಿಸಿಕೊಂಡವರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿ, ತಪ್ಪು ನನ್ನದೂ ಇದೆ ಎಂದೆ. ಆಕೆ ನನ್ನ ತಪ್ಪಿಗೆ ಹೆಚ್ಚು ಬೆಲೆ ಕೊಡಲಿಲ್ಲ.

“ಒಂದ್ ಬರ್ದೋರೆಲ್ಲ ಪಾಸು, ಎರಡ್ ಬರ್ದೋರು ಫೇಲಾ? ಇದ್ಯಾವ್ ಸೀಮೆ ಇಸ್ಕೂಲು ಕಣಪ್ಪ?”

ನಾಳೆ ವಿಶ್ವವಿದ್ಯಾಲಯದ ಕಚೇರಿಗೇ ಹೋಗಿ ಕೇಳೋಣ ಎಂದೆ.

ಹದಿನೆಂಟನೇ ತಾರೀಕು ನಾನೂ ಪುಟ್ಟಮಾದಪ್ಪಣ್ಣನೂ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿಗೆ ಹೋದೆವು. ನಟರಾಜು ಅವರಿಗೆ ಹೊಟ್ಟೆನೋವು ಎಂದು ಹೇಳಿದ್ದೆ. ಎರಡೂವರೆ ಗಂಟೆ ಬಸ್ಸು, ಆಮೇಲೆ ಎರಡನೇ ಮಹಡಿ. ಲಿಫ್ಟ್ ಇತ್ತು, ಅದರ ಮೇಲೆ ಸಿಬ್ಬಂದಿಗೆ ಮಾತ್ರ ಎಂದಿತ್ತು. ಪುಟ್ಟಮಾದಪ್ಪಣ್ಣ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತಿದರು. ಕೌಂಟರಿನಲ್ಲಿದ್ದವರು ನಮ್ಮ ನಂಬರ್ ಹಾಕಿ ನೋಡಿ, ಇದೇನೂ ದೊಡ್ಡ ವಿಷಯವಲ್ಲ, ಇಂಥವು ವರ್ಷಕ್ಕೆ ಐವತ್ತು ಅರವತ್ತು ಬರುತ್ತವೆ ಎಂದರು. ಐವತ್ತು ಅರವತ್ತು ಜನ ಒಂದೇ ಗುಂಡಿಗೆ ಬೀಳುತ್ತಿದ್ದಾರೆ ಎಂದರೆ ಗುಂಡಿ ಮುಚ್ಚಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಬಿದ್ದವರಿಗೆ ಎಂದು ಒಂದು ಫಾರಂ ಮಾತ್ರ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. ಅದಕ್ಕೆ ಸಹಿ ಹಾಕಿಕೊಟ್ಟರೆ ಎರಡು ದಿನದಲ್ಲಿ ಫಲಿತಾಂಶ ಬಿಡುಗಡೆ.

ನಾನು ಪೆನ್ನು ತೆಗೆದು ಪುಟ್ಟಮಾದಪ್ಪಣ್ಣನ ಕೈಗೆ ಕೊಟ್ಟೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಂಡರು. ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ಪೆನ್ನನ್ನು ನನ್ನ ಜೇಬಿಗೆ ವಾಪಸ್ಸು ಸಿಕ್ಕಿಸಿ ಫಾರಮ್ಮನ್ನು ನನ್ನ ಮುಂದೆ ಹಿಡಿದರು. ‘ನಾನು ನಿಯಮಗಳನ್ನು ತಿಳಿದಿದ್ದೂ ಒಂದೇ ಸ್ಥಾನಕ್ಕೆ ಎರಡು ಪತ್ರಿಕೆಗಳನ್ನು ಅಕ್ರಮವಾಗಿ ಬರೆದಿರುತ್ತೇನೆ. ಈ ಬಗ್ಗೆ ಕ್ಷಮೆ ಕೋರುತ್ತೇನೆ’ ಎಂದಿತ್ತು.

ಸಹಿ ಹಾಕಿ ಎಂದೆ ನಾನು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದನ್ನು ಓದಿದ ಮೇಲೂ ಹಾಕಿ ಎಂದೆ. ಮೂವತ್ತನೇ ತಾರೀಕಿಗೆ ಹನ್ನೆರಡು ದಿನ ಇತ್ತು. ಸಹಿ ಹಾಕದಿದ್ದರೆ ವಿಷಯ ಸಮಿತಿಗೆ ಹೋಗುತ್ತದೆ, ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆ ಎಂದು ಕೌಂಟರಿನವರು ಹೇಳಿಯಾಗಿತ್ತು.

“ಅಣ್ಣ, ಇದು ಬರೀ ಫಾರಂ. ಇದ್ನ ಯಾರೂ ಓದಲ್ಲ.”

“ನೀನ್ ಓದಲ್ಲ. ಬರ್ದಿರೋದು ಅಂಗೇ ಇರ್ತದೆ.”

ಕೌಂಟರಿನವರು ಊಟಕ್ಕೆ ಎದ್ದರು. ನಾವು ವರಾಂಡದ ಬೆಂಚಿನ ಮೇಲೆ ಕೂತೆವು. ನನಗೆ ಸಿಟ್ಟು ಬಂದಿತ್ತು. ವಿಶ್ವವಿದ್ಯಾಲಯದ ಮೇಲಿದ್ದ ಸಿಟ್ಟು ಪೂರ್ತಿ ಈಗ ಈ ಮುದುಕನ ಮೇಲೆ ತಿರುಗಿತ್ತು. ಇಷ್ಟು ದೂರ ಹೊಟ್ಟೆನೋವು ಮಾಡಿಕೊಂಡು ಬಂದವನು ನಾನು. ಇವರು ಒಂದು ಸಹಿಗೆ ಹೀಗೆ ಮಾಡುತ್ತಿದ್ದಾರೆ. ಅವರು ತಂದಿದ್ದ ರಾಗಿ ರೊಟ್ಟಿ ಬಿಚ್ಚಿ ನನಗೆ ಅರ್ಧ ಮುರಿದು ಕೊಟ್ಟು, ತಾವು ತಿನ್ನದೆ ಹಳೆಯದೊಂದು ಸಂಗತಿ ಹೇಳಿದರು.

ಇಲಾಖೆಗೆ ಸೇರುವ ಮೊದಲು, ಇಪ್ಪತ್ಮೂರು ವರ್ಷದವರಿದ್ದಾಗ, ಒಬ್ಬ ಖಾಸಗಿ ಅಳತೆಗಾರನ ಹತ್ತಿರ ದಿನಗೂಲಿಗೆ ಸರಪಳಿ ಎಳೆಯುತ್ತಿದ್ದರಂತೆ. ಆಗ ಓದಿದ್ದು ಆರನೇ ಕ್ಲಾಸು. ಒಂದು ಊರಿನಲ್ಲಿ ಗಂಡನಿಲ್ಲದ ಒಬ್ಬ ಹೆಂಗಸಿನ ಹೊಲಕ್ಕೂ ಪಕ್ಕದವನ ಹೊಲಕ್ಕೂ ಅಳತೆಯಾಯಿತು. ಸರಪಳಿ ಹಿಡಿದವರು ಇವರೇ, ಅಳತೆ ಸರಿಯಾಗಿಯೇ ಬಂದಿತ್ತು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕು ಎಂದಾಗ, ತೋರಿಸಿದ ಜಾಗದಲ್ಲಿ ಹಾಕಿದರು. ಕಾಗದದಲ್ಲಿ ಗೆರೆ ಸರಿದಿತ್ತು. ಎಂಟು ಗುಂಟೆ ಪಕ್ಕದವನಿಗೆ ಹೋಯಿತು. ಆರು ತಿಂಗಳ ಮೇಲೆ ಆ ಹೆಂಗಸು ಅಗರದ ಇವರ ಮನೆ ಹುಡುಕಿಕೊಂಡು ಬಂದಳು. ಬಯ್ಯಲಿಲ್ಲ, ಅಳಲಿಲ್ಲ.

“ನಿನ್ ಸೈನ್ ಮ್ಯಾಲೆ ಏನ್ ಬರ್ದಿತ್ತಪ್ಪ ಅಂತ ಕೇಳುದ್ಲು. ಅಷ್ಟೆ. ಗೊತ್ತಿಲ್ಲ ಕನವ್ವ ಅಂದೆ. ಸರಿ ಅಂತ ಎದ್ದು ಒಂಟೋದ್ಲು. ನೀರೂ ಕುಡೀನಿಲ್ಲ.”

ಅದಾದ ಮೇಲೆಯೇ ಅವರು ಎಸ್ಸೆಸ್ಸೆಲ್ಸಿ ಕಟ್ಟಿದ್ದು.

ನಾನು ಧೈರ್ಯ ಮಾಡಿ, ತಪ್ಪು ನನ್ನದೇ ಎಂದು ಬೇರೆ ಹಾಳೆಯಲ್ಲಿ ಬರೆದು, ಅಂಗಡಿಯ ಸೀಲು ಹಾಕಿ ಕೊಡುತ್ತೇನೆ ಎಂದೆ. ಅವರು ಬೇಡವೆಂದರು. “ನೀನ್ ತುಂಬ್ದೆ ನಿಜ. ನಾನ್ ಯೋಳ್ದಂಗೆ ತುಂಬ್ದೆ. ತಪ್ಪೇ ಇಲ್ದಿದ್ ಕಡೆ ಇಬ್ರೂ ಯಾಕ್ಲಾ ಒತ್ಕಬೇಕು?” ಅವರು ಬೇಡವೆಂದಾಗ ನನಗೆ ಎಷ್ಟು ನಿರಾಳವಾಯಿತು ಎಂದು ಬರೆಯಲು ಹೇಸಿಗೆಯಾಗುತ್ತದೆ. ಸೀಲು ನಟರಾಜು ಅವರದು, ಅದು ಅವರ ಡ್ರಾಯರಿನಲ್ಲಿರುತ್ತದೆ, ಆ ಡ್ರಾಯರಿಗೂ ನನ್ನ ಕೆಲಸಕ್ಕೂ ಬಹಳ ಹತ್ತಿರ.

ಕೌಂಟರ್ ತೆರೆದಾಗ ಪುಟ್ಟಮಾದಪ್ಪಣ್ಣ ಫಾರಮ್ಮಿನ ಆ ಎರಡು ಸಾಲನ್ನು ಅಡಿಪಟ್ಟಿ ಇಟ್ಟು ಹೊಡೆದುಹಾಕಿದರು. ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: ‘ಪುಸ್ತಕದಲ್ಲಿ ಎರಡೂ ಇದ್ದವು. ಎರಡಕ್ಕೂ ಫೀಜು ತೆಗೆದುಕೊಂಡಿರುತ್ತೀರಿ. ಎರಡನ್ನೂ ಓದಿ ಬರೆದು ಪಾಸಾಗಿರುತ್ತೇನೆ. ಒಂದೇ ಸಾಕು ಎಂಬುದಾದರೆ ಹೆಚ್ಚು ಅಂಕ ಬಂದದ್ದನ್ನು ಹಿಡಿಯಬೇಕಾಗಿ ಕೋರುತ್ತೇನೆ. ಅಕ್ರಮ ಮಾಡಿರುವುದಿಲ್ಲ.’ ಕೆಳಗೆ ಸಹಿ, ತಾರೀಕು, ಸ್ಥಳ. ಮಹಜರಿನಂತೆಯೇ ಇತ್ತು.

ತಿದ್ದಿದ ಫಾರಂ ತೆಗೆದುಕೊಳ್ಳಲು ಬರುವುದಿಲ್ಲ ಎಂದರು ಕೌಂಟರಿನವರು. ಇವರು ಕಿಟಕಿಯಿಂದ ಅಲ್ಲಾಡಲಿಲ್ಲ. ಹಿಂದೆ ಸಾಲು ಬೆಳೆಯಿತು, ಗೊಣಗು ಶುರುವಾಯಿತು. ಕೊನೆಗೆ ಒಳಗಿನ ಕೋಣೆಯಿಂದ ಅಧಿಕಾರಿಯೇ ಕರೆಸಿದರು. ಭವ್ಯಶ್ರೀ ಎಂದು ಬಾಗಿಲ ಮೇಲೆ ಹೆಸರಿತ್ತು. ನಲವತ್ತರ ಆಸುಪಾಸು, ಮೇಜಿನ ತುಂಬ ಕಡತ. ಕೂರಿ ಎಂದರು. ಆ ಕಟ್ಟಡದಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ. ಫಾರಂ ಓದಿ, ನಿಯಮ ಸ್ಪಷ್ಟವಾಗಿ ಪುಸ್ತಕದಲ್ಲಿದೆಯಲ್ಲ ಎಂದರು.

“ತೋರ್ಸಿ ಮೇಡಮ್ಮೋರೆ,” ಎಂದು ಪುಟ್ಟಮಾದಪ್ಪಣ್ಣ ತಮ್ಮ ಪ್ರಾಸ್ಪೆಕ್ಟಸ್ಸನ್ನು ಮೇಜಿನ ಮೇಲಿಟ್ಟರು.

ಮೇಡಂ ನಲವತ್ತೊಂದನೇ ಪುಟ ತೆಗೆದರು. ಅಲ್ಲಿರಲಿಲ್ಲ. ಪರೀಕ್ಷೆಯ ಅಧ್ಯಾಯ ತೆಗೆದರು, ಅಲ್ಲೂ ಇರಲಿಲ್ಲ. ನನಗೆ ಪುಟ ಗೊತ್ತಿತ್ತು. ಬಾಯಿ ತೆರೆಯಹೋದವನ ಕಾಲನ್ನು ಪುಟ್ಟಮಾದಪ್ಪಣ್ಣ ಮೇಜಿನ ಕೆಳಗೆ ತುಳಿದರು. ಮೇಡಂ ಬೆಲ್ಲು ಒತ್ತಿ ಒಬ್ಬರನ್ನು ಕರೆದು ಕೇಳಿದರು. ಅವರಿಗೂ ಗೊತ್ತಿರಲಿಲ್ಲ, ಅವರು ಇನ್ನೊಬ್ಬರನ್ನು ಕರೆತಂದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಆಯಿತು. ಕೊನೆಗೆ ಮೇಡಂ ತಾವೇ ನೂರಾ ಹನ್ನೆರಡನೇ ಪುಟ ಹಿಡಿದು, ಕನ್ನಡಕ ಹಣೆಗೇರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ತಂದು ಓದಿದರು. ಓದಿ ಮುಗಿಸಿ ಮೆಲ್ಲಗೆ ಮುಚ್ಚಿಟ್ಟರು.

“ನಿಮ್ಗೇ ಇಷ್ಟೊತ್ತಾಯ್ತು,” ಎಂದರು ಪುಟ್ಟಮಾದಪ್ಪಣ್ಣ. ಗೆದ್ದ ದನಿಯಲ್ಲಿ ಹೇಳಲಿಲ್ಲ. ಕಲ್ಲು ಇಲ್ಲೇ ಇದೆ ಎಂದು ಸಾಹೇಬರಿಗೆ ತೋರಿಸುವ ದನಿ ಅದು.

ಹೊಡೆದುಹಾಕಿದ ಸಾಲಿನ ಪಕ್ಕದಲ್ಲಿ ಮೇಡಂ ತಮ್ಮ ಚಿಕ್ಕ ಸಹಿ ಹಾಕಿದರು. ಅಭ್ಯರ್ಥಿಯ ವಿವರಣೆ ಒಪ್ಪತಕ್ಕದ್ದು, ಹೆಚ್ಚಿನ ಅಂಕ ಪರಿಗಣಿಸಬಹುದು ಎಂದು ಷರಾ ಬರೆದರು. ಕನ್ನಡದಲ್ಲಿ ವಿವರಣೆ ಹಾಕಿಸುವ ಬಗ್ಗೆಯೂ ಬರೆಯುತ್ತೇನೆ ಎಂದರು. ಆದರೆ ತೀರ್ಮಾನ ಕೇಂದ್ರ ಕಚೇರಿಯದು, ತಡವಾಗಬಹುದು, ಅಚ್ಚಿನ ಫಾರಮ್ಮಿಗೆ ಸಹಿ ಹಾಕಿದರೆ ಮಾತ್ರ ನಾಳಿದ್ದು ಖಂಡಿತ ಎಂದೂ ಹೇಳಿದರು. ಆಕೆ ಮುಚ್ಚುಮರೆ ಮಾಡಲಿಲ್ಲ. ಪುಟ್ಟಮಾದಪ್ಪಣ್ಣ ಎದ್ದು ಕೈಮುಗಿದು, ತಡವಾದರೆ ಆಗಲಿ ಎಂದರು. ಅವರು ಹಾಗೆಂದಾಗ ಮಂಡಿಯ ಮೇಲೆ ಕೈ ಊರಿದ್ದರು.

ಇಪ್ಪತ್ತನಾಲ್ಕನೇ ತಾರೀಕು ಡಬ್ಲ್ಯೂಎಚ್-07 ಇದ್ದದ್ದು ಡಬ್ಲ್ಯೂಎಚ್-11 ಆಯಿತು. ಏಳರಿಂದ ಹನ್ನೊಂದಕ್ಕೆ ಹೋಗಿದೆ ಎಂದರೆ ಮುಂದೆ ಹೋಗಿದೆ ಎಂದು ನಾನು ಸಂತೋಷಪಟ್ಟೆ. ಸಹಾಯವಾಣಿಯಲ್ಲಿ ಕೇಳಿದಾಗ, ಸಮಿತಿಗೆ ಕಳಿಸಿದೆ ಎಂದರ್ಥ ಎಂದರು. ಮೂವತ್ತನೇ ತಾರೀಕು ಪುಟ್ಟಮಾದಪ್ಪಣ್ಣ ಅರ್ಧ ದಿನ ರಜೆ ಹಾಕಿ ಬಂದು ಬೆಂಚಿನ ಮೇಲೆ ಕೂತರು. ನಾನು ಗಿರಾಕಿಗಳ ನಡುನಡುವೆ ಅವರ ನಂಬರ್ ಹಾಕಿ ಹಾಕಿ ನೋಡಿದೆ. ಐದೂವರೆಗೆ ಕಚೇರಿಗಳು ಮುಚ್ಚಿದವು. ಇನ್ನೊಂದು ಸಲ ನೋಡುತ್ತೇನೆ ಎಂದೆ. ಬುಡು, ಅದೂ ದಣ್ದದೆ ಎಂದರು. ಚೀಲ ತೆಗೆದುಕೊಂಡು ಅಗರದ ಬಸ್ಸಿನ ಕಂಬಿ ಹಿಡಿದರು.

ಮುಂದಿನ ತಿಂಗಳ ಏಳನೇ ತಾರೀಕು ಫಲಿತಾಂಶ ಬಂತು. ಸಮಿತಿ ಸೇರಿತೋ ಇಲ್ಲವೋ, ಯಾರು ಏನು ಓದಿದರೋ ಗೊತ್ತಿಲ್ಲ. ಒಂದು ಕಾಗದ ಬರಲಿಲ್ಲ, ಒಂದು ಸಾಲು ವಿವರಣೆ ಇರಲಿಲ್ಲ. ಪಾಸು ಎಂದಿತ್ತು. 5.3ಎ, ಪ್ರವಾಸೋದ್ಯಮ ಪರಿಚಯ, ಮೂವತ್ತಾರು. 5.3ಬಿ ಇರಲೇ ಇಲ್ಲ. ಮೇಡಮ್ಮಿನ ಷರಾ ಎಲ್ಲಿ ಹೋಯಿತೋ, ಮೊದಲು ನಮೂದಾದದ್ದನ್ನು ಕಂಪ್ಯೂಟರು ಇಟ್ಟುಕೊಂಡು ಎರಡನೆಯದನ್ನು ಉಗುಳಿತ್ತು. ಎಪ್ಪತ್ತೆಂಟು ಹೋಗಿ ಮೂವತ್ತಾರು ಉಳಿದದ್ದರಿಂದ ಎರಡನೇ ದರ್ಜೆಯೂ ಹೋಗಿ ಉತ್ತೀರ್ಣ ಎಂದಷ್ಟೇ ಉಳಿಯಿತು. ಪಟ್ಟಿ ಹೋಗಿ ಎಂಟು ದಿನ ಆಗಿತ್ತು. ಇವರ ನಂತರ ಕೆಲಸಕ್ಕೆ ಸೇರಿದ ಇಬ್ಬರು ಕುರ್ಚಿಯ ಮೇಲೆ ಕೂತರು. ಅವರ ಮೇಲೆ ನನಗೇನೂ ಇಲ್ಲ, ಅವರೂ ಓದಿದವರೇ. ಆದರೆ ಸುಳ್ಳಿಗೆ ಸಹಿ ಹಾಕುವವನಿಗೆ ಎರಡು ದಿನ, ನಿಜ ಬರೆಯುವವನಿಗೆ ಇಪ್ಪತ್ತು ದಿನ ಎಂದು ಲೆಕ್ಕ ಇಟ್ಟಿರುವ ಸಂಸ್ಥೆ ಊರೂರಿಗೆ ವಿದ್ಯೆ ಹಂಚುತ್ತಿದೆ ಎಂದರೆ ನಾನು ನಂಬುವುದು ಹೇಗೆ? ಪುಟ್ಟಮಾದಪ್ಪಣ್ಣ ಈಗಲೂ ಹನೂರಿನ ಸುತ್ತ ಲಂಟಾನ ಸವರಿಕೊಂಡು ಕಲ್ಲು ಹುಡುಕುತ್ತಿದ್ದಾರೆ. ಆ ಎಪ್ಪತ್ತೆಂಟು ಎಲ್ಲಿ ಎಂದು ಕೇಳಿ ಮೂರು ಅರ್ಜಿ ಹಾಕಿದ್ದಾರೆ. ಮೂರನ್ನೂ ನಾನೇ ಟೈಪು ಮಾಡಿದೆ. ಓದಿ ಮಾಡಿದೆ.

ಈ ವರ್ಷದ ಪ್ರಾಸ್ಪೆಕ್ಟಸ್ ಹೋದ ವಾರ ಬಂತು. ಹೊದಿಕೆ ಹೊಸದು, ನಗುವ ಹುಡುಗಿಯ ಫೋಟೋ ಇದೆ. ಕೋಡಿನ ವಿವರಣೆ ಇಂಗ್ಲಿಷಿನಲ್ಲೇ ಇದೆ. ನೂರಾ ಹನ್ನೆರಡರಿಂದ ನೂರಾ ಹದಿನೆಂಟನೇ ಪುಟಕ್ಕೆ ಹೋಗಿದೆ, ಅಷ್ಟೇ ಪ್ರಗತಿ.

ಮೊನ್ನೆ ಗೋಪಿನಾಥಂನಿಂದ ಮಾದಸ್ವಾಮಿ ಎಂಬ ಅರಣ್ಯ ಇಲಾಖೆಯ ವಾಚರ್ ಬಂದಿದ್ದ. ಮೂವತ್ತರ ಆಸುಪಾಸು. ಮನೆಮಾತು ತಮಿಳು, ಓದಿದ್ದು ಕನ್ನಡ. ಅವನದೂ ಬಿಎ, ಅವನಿಗೂ ಐದನೇ ಸೆಮಿಸ್ಟರು. ಪುಟ್ಟಮಾದಪ್ಪಣ್ಣ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಅವನನ್ನು ಕೂರಿಸಿಕೊಂಡರು. ಕೆಂಪು ಪೆನ್ಸಿಲ್ ತೆಗೆದು 5.3ಎ, 5.3ಬಿ ಎರಡರ ನಡುವೆ ಒಂದು ಗೆರೆ ಎಳೆದು, ಇವೆರಡರಲ್ಲಿ ಒಂದಕ್ಕೆ ಮಾತ್ರ ಪರೀಕ್ಷೆ ಕಟ್ಟಬೇಕು ಎಂದು ವಿವರಿಸಿದರು. ಅಂಚೆಯಲ್ಲಿ ಬರುವ ಪುಸ್ತಕ ಮಾತ್ರ ಎರಡನ್ನೂ ತರಿಸಿಕೊಂಡು ಓದು ಎಂದರು.

“ಬರೀದಿರೋದ್ನ ಯಾತಕ್ಕಣ್ಣ ಓದೋದು?” ಎಂದ ಮಾದಸ್ವಾಮಿ.

“ನಾನು ಎರಡ್ನೂ ಓದಿದ್ಕೇ ಕಣ್ಲಾ, ಅವರು ಯಾವ್ದ ತೆಗ್ದಾಕುದ್ರು ಅಂತ ನಂಗೆ ಗೊತ್ತಿರೋದು.”